ಗುರುವಿಗೇ ತಿರುಮಂತ್ರ

ಕಾಲೇಜು ಮ್ಯಾಗಜಿನ್ ಎಂದರೆ ಮೊದಲ ಪುಟದಲ್ಲಿ ಪ್ರಿನ್ಸಿಪಾಲರ ಫೋಟೋ, ಮುಂದಿನದರಲ್ಲಿ ಅವರ ಸಂದೇಶ, ಆಮೇಲೆ ಸಂಪಾದಕ ಮಂಡಳಿ ಅವರ ಆಜುಬಾಜು ಕೈಕಟ್ಟಿ ಕೂತ ಇನ್ನೊಂದು ಫೋಟೋ. ಕಥೆ, ಕವಿತೆ ಜಾಗ ಉಳಿದರೆ. ಇಂಥವನ್ನೇ ಓದಿ ಬೆಳೆದವರಿಗೆ, ಶಿಕಾಗೊ ವಿಶ್ವವಿದ್ಯಾಲಯದ ಹುಡುಗರು 1961ರ ಏಪ್ರಿಲ್‌ನಲ್ಲಿ ಶುರುಮಾಡಿದ ‘ನ್ಯೂ ಇಂಡಿವಿಜುವಲಿಸ್ಟ್ ರಿವ್ಯೂ’ ಕಂಡರೆ ಸ್ವಲ್ಪ ಹೊಟ್ಟೆಕಿಚ್ಚೇ ಆಗುತ್ತದೆ.

ವ್ಯಕ್ತಿಸ್ವಾತಂತ್ರ್ಯ ಇವರ ಮನೆದೇವರು. ಸಂಪಾದಕ ರಾಲ್ಫ್ ರೇಕೊ, ಜೊತೆಗೆ ರೊನಾಲ್ಡ್ ಹ್ಯಾಮೋವಿ. ಇಬ್ಬರೂ ನ್ಯೂಯಾರ್ಕಿನಲ್ಲಿ ಲುಡ್ವಿಗ್ ಫಾನ್ ಮೀಸೆಸ್ ನಡೆಸುತ್ತಿದ್ದ ಸೆಮಿನಾರಿನಲ್ಲಿ ಪಳಗಿದವರು. ಸರಕಿನ ಬೆಲೆಯನ್ನು ಕೊಳ್ಳುವವರೂ ಮಾರುವವರೂ ತಮ್ಮತಮ್ಮಲ್ಲೇ ಕುದುರಿಸಿಕೊಳ್ಳಲಿ, ಸರ್ಕಾರ ನಡುವೆ ಮೂಗು ತೂರಿಸುವುದು ಬೇಡ ಎನ್ನುವ ಆಸ್ಟ್ರಿಯನ್ ಪಂಥದ ಹಿರಿಯ ಈ ಮೀಸೆಸ್. ಪತ್ರಿಕೆ ಹೆಸರಿಗೆ ತ್ರೈಮಾಸಿಕ. 1968ರಲ್ಲಿ ನಿಲ್ಲುವ ಹೊತ್ತಿಗೆ ಬಂದಿದ್ದ ಸಂಚಿಕೆಗಳು ಒಟ್ಟು 17. ಪಂಚವಾರ್ಷಿಕ ಯೋಜನೆಗಳೆಂದರೆ ಸಿಡಿಮಿಡಿಗೊಳ್ಳುವವರ ಪತ್ರಿಕೆ ಯೋಜನೆಯ ಪ್ರಕಾರ ಹೊರಬಂದುಬಿಟ್ಟರೆ ಸಿದ್ಧಾಂತಕ್ಕೇ ಕುಂದಲ್ಲವೆ!

ಸಲಹೆಗಾರರಲ್ಲಿ ಅರ್ಥಶಾಸ್ತ್ರಜ್ಞರಾದ ಮಿಲ್ಟನ್ ಫ್ರೀಡ್‌ಮನ್ ಇದ್ದರು, ಫ್ರೆಡ್ರಿಕ್ ಹಾಯೆಕ್ ಇದ್ದರು. ಹ್ಯಾಮೋವಿ ಹಾಯೆಕ್ ಬಳಿಯೇ ಸಂಶೋಧನೆಗೆ ಕೂತಿದ್ದ ವಿದ್ಯಾರ್ಥಿ. ನಮ್ಮ ಕಡೆ ಪಿಎಚ್‌ಡಿ ಗೈಡಿನ ಮನೆಗೆ ಸಂತೆಯಿಂದ ತರಕಾರಿ ಹೊತ್ತವರ ಕಥೆಗಳು ಬೇಕಾದಷ್ಟಿವೆ. ಈ ಹುಡುಗನೋ, ಗುರುಗಳ ‘ದಿ ಕಾನ್‌ಸ್ಟಿಟ್ಯೂಷನ್ ಆಫ್ ಲಿಬರ್ಟಿ’ ಹೊರಬಂದು ವರ್ಷವಾಗುತ್ತಿದ್ದ ಹಾಗೇ, ಪತ್ರಿಕೆಯ ಮೊಟ್ಟಮೊದಲ ಸಂಚಿಕೆಯಲ್ಲಿ ಅದನ್ನು ಬಿಡಿಸಿ ಹರವಿ ತಪ್ಪು ಎಣಿಸಿದ.

ಆ ಪುಸ್ತಕದಲ್ಲಿ ಹಾಯೆಕ್ ಒಂದು ಮರುಭೂಮಿಯ ಉದಾಹರಣೆ ಕೊಟ್ಟಿದ್ದರು. ನ್ಯಾಯವಾದ ಬೆಲೆಗೆ ನೀರು ಸಿಗುತ್ತದೆಂದು ನಂಬಿ ಜನ ಓಯಸಿಸ್‌ನಲ್ಲಿ ನೆಲೆಸುತ್ತಾರೆ. ಅಲ್ಲಿನ ಎರಡು ಒರತೆಗಳಲ್ಲಿ ಒಂದು ಬತ್ತುತ್ತದೆ. ಉಳಿದ ಒರತೆಯ ಯಜಮಾನ ಹೇಳಿದಂತೆ ಕುಣಿಯಬೇಕಾಗುತ್ತದೆ. ಇದು ಬಲವಂತವೇ ಎಂದರು ಹಾಯೆಕ್. ಸರಿ, ಆದರೆ ‘ನ್ಯಾಯವಾದ ಬೆಲೆ’ ಎಂದರೆ ಎಷ್ಟು, ಅದನ್ನು ಹೇಳುವವರು ಯಾರು ಎಂದು ಪಟ್ಟು ಹಿಡಿದ ಹ್ಯಾಮೋವಿ. 2024ರ ಬೇಸಿಗೆಯಲ್ಲಿ ಬೆಂಗಳೂರಿನ ಜಿಲ್ಲಾಡಳಿತ ಟ್ಯಾಂಕರ್ ನೀರಿಗೆ ದರ ಕಟ್ಟಿದಾಗ, ಖಾಲಿ ಸಂಪಿನ ಮುಂದೆ ನಿಂತವರಿಗೂ ಟ್ಯಾಂಕರಿನವರಿಗೂ ನಡುವೆ ಇದ್ದ ಜಗಳ ಇದೇ. ಅಲ್ಲಿ ಯಾರೂ ಅಡಿಟಿಪ್ಪಣಿ ಹಾಕಲಿಲ್ಲ, ಅಷ್ಟೆ.

ಗುರುಗಳು ಮುನಿಸಿಕೊಂಡು ಸಲಹೆಗಾರಿಕೆ ಬಿಡಬಹುದಿತ್ತು. ಬದಲಿಗೆ ಅದೇ ಹುಡುಗರ ಪತ್ರಿಕೆಯ ಮುಂದಿನ ಸಂಚಿಕೆಗೆ ಉತ್ತರ ಬರೆದು ಕಳಿಸಿದರು; ಸಾಲದ್ದಕ್ಕೆ 1967ರ ತಮ್ಮ ಪ್ರಬಂಧ ಸಂಕಲನದಲ್ಲೂ ಅದನ್ನು ಸೇರಿಸಿದರು. ಸ್ವಾತಂತ್ರ್ಯದ ಬಗ್ಗೆ ಆ ಪತ್ರಿಕೆ ಅಚ್ಚುಹಾಕಿದ ಲೇಖನಗಳಿಗಿಂತ ಈ ಒಂದು ಜಗಳವೇ ನನ್ನ ಮನಸ್ಸಿಗೆ ಹೆಚ್ಚು ನಾಟುತ್ತದೆ. ಹ್ಯಾಮೋವಿಗೆ ಅದೇ ಶಿಕಾಗೊದಲ್ಲಿ ಪಿಎಚ್‌ಡಿ ಪದವಿಯೂ ದೊರೆಯಿತೆಂಬುದನ್ನು ಎಲ್ಲ ಸಂಶೋಧನಾ ವಿದ್ಯಾರ್ಥಿಗಳ ಅವಗಾಹನೆಗೆ ತರಬಯಸುತ್ತೇನೆ.