ಮನೆಗೆ ಯಾರು?

ದಕ್ಷಿಣ ಕನ್ನಡದ ಸಿದ್ಧಕಟ್ಟೆಯಿಂದ ಪಶ್ಚಿಮಕ್ಕೆ ನೇರ ಗೆರೆ ಎಳೆದರೆ 30 ಕಿಲೋಮೀಟರಿನೊಳಗೆ ಅರಬ್ಬಿ ಸಮುದ್ರ ಸಿಗುತ್ತದೆ. ರಸ್ತೆಯಲ್ಲಿ ಹೋದರೆ ತಿರುವುಗಳ ಲೆಕ್ಕ ಸೇರಿ ಇನ್ನೊಂದು ಹತ್ತು ಹದಿನೈದು ಹೆಚ್ಚು. ಬಂಟ್ವಾಳ–ಮೂಡುಬಿದಿರೆ ರಸ್ತೆಯ ಮೇಲಿರುವ ಈ ಪೇಟೆಯ ದಕ್ಷಿಣಕ್ಕೆ ನೇತ್ರಾವತಿ, ಉತ್ತರಕ್ಕೆ ಪುಚ್ಚೆಮೊಗರುವಿನಲ್ಲಿ ಫಲ್ಗುಣಿ. ಎರಡೂ ನದಿಗಳು ಯಾರ ಒಪ್ಪಿಗೆಯನ್ನೂ ಕೇಳದೆ ಮಂಗಳೂರಿಗೆ ಹೋಗಿ ಸಮುದ್ರ ಸೇರುತ್ತವೆ. ಸಿದ್ಧಕಟ್ಟೆಯ ಕುಟುಂಬವೊಂದು ಅದೇ ಸಮುದ್ರಕ್ಕೆ ಹೋಗಿಬರಲು ಹಾಕುವ ಯೋಜನೆಗೆ ಆ ಸ್ವಾತಂತ್ರ್ಯವಿಲ್ಲ. ಅದು ಸಾಮಾನ್ಯವಾಗಿ ಚಾವಡಿಯಲ್ಲಿ ಹುಟ್ಟಿ, ಅಡುಗೆಮನೆಯಲ್ಲಿ ಬೆಳೆದು, ಹಟ್ಟಿಯ ಬಾಗಿಲಲ್ಲಿ ನಿಂತುಹೋಗುತ್ತದೆ.

ಭೂಗೋಳದ ಪ್ರಕಾರ ಇದು ಉಷ್ಣವಲಯದ ಕರಾವಳಿ. ಸಮಭಾಜಕ ವೃತ್ತದಿಂದ 13 ಡಿಗ್ರಿ ಉತ್ತರ, ಕರ್ಕಾಟಕ ಸಂಕ್ರಾಂತಿ ವೃತ್ತಕ್ಕೆ ಇನ್ನೂ ಹತ್ತು ಡಿಗ್ರಿ ಬಾಕಿ. ಚಳಿದೇಶಗಳ ಜನ ವರ್ಷವಿಡೀ ಹಣ ಕೂಡಿಸಿ ವಿಮಾನ ಹತ್ತುವುದು ತೆಂಗಿನಮರ, ಬಿಸಿಲು, ಬಾಳೆ ಎಲೆ ಮತ್ತು ಮೈಗೆ ಅಂಟುವ ಬೆವರಿಗಾಗಿ. ಸಿದ್ಧಕಟ್ಟೆಯಲ್ಲಿ ಇವು ನಾಲ್ಕೂ ಬಚ್ಚಲಮನೆಯ ಹಿಂದೆಯೇ ಇವೆ. ಉಳಿದದ್ದು ಸಮುದ್ರ. ಅದೂ ಬೆಳಿಗ್ಗೆ ಮೀನಿನವನ ಹಾರ್ನಿನ ಜೊತೆ, ಬೂತಾಯಿ ಬಂಗುಡೆಗಳ ರೂಪದಲ್ಲಿ, ಗೇಟಿನವರೆಗೆ ಬರುತ್ತದೆ. ಹೀಗಾಗಿ ಮಕ್ಕಳು ಬೀಚಿನ ಮಾತೆತ್ತಿದಾಗ ಹಿರಿಯರು ಎಲ್ಲಿಗೆ ಎಂದು ಕೇಳುವುದಿಲ್ಲ, ಯಾಕೆ ಎಂದು ಕೇಳುತ್ತಾರೆ. ಅಜ್ಜಿಯ ದೃಷ್ಟಿಯಲ್ಲಿ ಸಮುದ್ರಕ್ಕೆ ಹೋಗಲು ಎರಡೇ ಸಕಾರಣಗಳಿವೆ: ಎಳ್ಳಮಾವಾಸ್ಯೆಯ ಸ್ನಾನ ಮತ್ತು ಅಸ್ಥಿ ವಿಸರ್ಜನೆ. ಮೂರನೆಯದೊಂದು ಇದೆ ಎಂದು ಅವರನ್ನು ಒಪ್ಪಿಸಲು ಒಂದು ತಲೆಮಾರು ಸಾಲದು.

ಯೋಜನೆ ಚುರುಕಾಗುವುದು ಬೊಂಬಾಯಿಯಿಂದ ನೆಂಟರು ಬಂದಾಗ. ಊರಿನ ಅರ್ಧದಷ್ಟು ಮನೆಗಳಿಗೆ ಅಲ್ಲೊಬ್ಬ ಮಾವನೋ ಚಿಕ್ಕಪ್ಪನೋ ಇದ್ದೇ ಇರುತ್ತಾನೆ. ಮೇ ತಿಂಗಳಲ್ಲಿ ಮತ್ಸ್ಯಗಂಧ ಎಕ್ಸ್‌ಪ್ರೆಸ್ಸಿನಿಂದ ಇಳಿದ ಅವನ ಮಕ್ಕಳು, ಜುಹೂ ಸಮುದ್ರವನ್ನು ಹನ್ನೊಂದು ತಿಂಗಳು ನೋಡಿದವರು, ಹನ್ನೆರಡನೆಯ ತಿಂಗಳಲ್ಲಿ ಮಂಗಳೂರಿನ ಪಣಂಬೂರು ಬೀಚು ನೋಡಬೇಕೆನ್ನುತ್ತಾರೆ. ಅತಿಥಿಗಳ ಮಾತು ತೆಗೆದುಹಾಕುವಂತಿಲ್ಲ. ಹತ್ತಿರದ ಸಮುದ್ರಕ್ಕೆ ಹೋಗಲು ದೂರದವರು ಬರಬೇಕಾಗುವುದು ಕರಾವಳಿಯ ಒಳನಾಡಿನ ಸಾಮಾನ್ಯ ನಿಯಮ. ವೇಣೂರಿನ ಎಷ್ಟೋ ಜನ ತಮ್ಮೂರಿನ 35 ಅಡಿ ಬಾಹುಬಲಿಯ ಬುಡಕ್ಕೆ ಹೋಗುವುದೂ ಬೆಂಗಳೂರಿನ ನೆಂಟರು ಬಂದಾಗಲೇ.

ಅನಂತರ ಕ್ಯಾಲೆಂಡರಿನ ಕೆಲಸ. ಗೋಡೆಯ ಮೊಳೆಯಿಂದ ಅದನ್ನು ಇಳಿಸಿ, ಆಗದ ದಿನಗಳನ್ನು ಕಳೆಯುತ್ತ ಹೋಗಬೇಕು. ಜೂನಿನಿಂದ ಸೆಪ್ಟೆಂಬರಿನ ತನಕ ಮೊದಲ ಏಟಿಗೇ ಹೋಗುತ್ತದೆ. ಜಿಲ್ಲೆಗೆ ವರ್ಷಕ್ಕೆ ಬೀಳುವ 4,000 ಮಿಲಿಮೀಟರ್ ಆಸುಪಾಸಿನ ಮಳೆಯಲ್ಲಿ ಬಹುಪಾಲು ಆಗಲೇ ಬಿದ್ದು ಮುಗಿಯುತ್ತದೆ, ಕಡಲು ಕಪ್ಪಾಗಿ ದಡವನ್ನು ಕೆರೆಯುತ್ತಿರುತ್ತದೆ, ಬೀಚುಗಳಲ್ಲಿ ಕೆಂಪು ಬಾವುಟ. ಯಾಂತ್ರೀಕೃತ ದೋಣಿಗಳಿಗೂ ಜೂನ್ 1ರಿಂದ ಜುಲೈ 31ರವರೆಗೆ 61 ದಿನಗಳ ನಿಷೇಧವಿರುವುದರಿಂದ, ಸಮುದ್ರ ನೋಡಿದ ಮೇಲೆ ಹೋಟೆಲಿನಲ್ಲಿ ಹೊಸ ಮೀನು ತಿನ್ನುವ ಆಸೆಯೂ ಬಿಡಬೇಕು. ಇದರ ನಡುವೆ ಜುಲೈಯಲ್ಲಿ ಒಂದು ದಿನ ಅಪರೂಪಕ್ಕೆ ಬಿಸಿಲು ಬಂತೆನ್ನಿ. ಅದು ಪ್ರವಾಸದ ದಿನವಲ್ಲ, ಅಡಿಕೆಗೆ ಮದ್ದು ಬಿಡುವ ದಿನ. ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು ಕಲಸಿ ಕೊಳೆರೋಗಕ್ಕೆ ಸಿಂಪಡಿಸದಿದ್ದರೆ ಮುಂದಿನ ವರ್ಷ ಬೀಚಿಗೆ ಹೋಗಲು ಬಸ್ಸಿನ ದುಡ್ಡೂ ಇರುವುದಿಲ್ಲ. ಮದ್ದು ಬಿಡುವವರು ಫೋನು ಎತ್ತುವುದು ಮಳೆ ಬರುವ ದಿನ ಮಾತ್ರ ಎಂಬುದು ಬೇರೆಯೇ ಅಧ್ಯಾಯ.

ಜುಲೈ ಮಧ್ಯದಿಂದ ಆಟಿ. ತುಳುನಾಡಿನಲ್ಲಿ ಹಿಂದಿನಿಂದಲೂ ಇದು ಕೈಗೆ ಕೆಲಸವಿಲ್ಲದ ತಿಂಗಳು. ಮದುವೆ ಇಲ್ಲ, ನೇಮ ಇಲ್ಲ, ಕಂಬಳ ಇಲ್ಲ. ಮನೆಮಂದಿಗೆಲ್ಲ ಬಿಡುವಿರುವ ಏಕೈಕ ತಿಂಗಳಲ್ಲಿ ಸಮುದ್ರಕ್ಕೆ ಬಿಡುವಿಲ್ಲ. ಆಟಿ ಅಮಾವಾಸ್ಯೆಗೆ ಹಾಲೆಮರದ ತೊಗಟೆಯ ಕಷಾಯ ಕುಡಿದು, ಕಾರಿಂಜ ಕ್ಷೇತ್ರದಲ್ಲಿ ತೀರ್ಥಸ್ನಾನ ಮಾಡಿ, ಆ ವರ್ಷದ ಜಲಕ್ರೀಡೆ ಮುಗಿಯಿತೆಂದು ತಿಳಿಯುವವರೇ ಹೆಚ್ಚು.

ಮಳೆ ಬಿಟ್ಟ ಮೇಲೆ ಅಡ್ಡಿಗಳು ಸಾಲಾಗಿ ಬರುತ್ತವೆ. ಚೌತಿ, ದಸರಾ, ದೀಪಾವಳಿ. ದೀಪಾವಳಿ ಕಳೆದರೆ ಯಕ್ಷಗಾನ ಮೇಳಗಳು ಗೆಜ್ಜೆ ಕಟ್ಟುತ್ತವೆ, ಶನಿವಾರ ಭಾನುವಾರಗಳನ್ನು ಕಂಬಳ ಎತ್ತಿಕೊಳ್ಳುತ್ತದೆ. ಸಿದ್ಧಕಟ್ಟೆಗೆ ಹೊಕ್ಕಾಡಿಗೋಳಿಯ ಕಂಬಳ ಪಕ್ಕದಲ್ಲೇ, ಮೂಡುಬಿದಿರೆಯದು ಸ್ವಲ್ಪ ಆಚೆ. ಮನೆಯ ಗಂಡಸರನ್ನು ಕೋಣಗಳು ಓಡುವ ಆ ಕರೆಯ ಬದಿಯಿಂದ ಎಬ್ಬಿಸಿ ಬೀಚಿಗೆ ಕರೆದೊಯ್ಯುವುದು ಕೋಣವನ್ನು ಹಿಂದಕ್ಕೆ ಓಡಿಸಿದ ಹಾಗೆ. ಆಮೇಲೆ ನೇಮ, ತಂಬಿಲ, ಬ್ರಹ್ಮಕಲಶ, ಗೃಹಪ್ರವೇಶ, ಮದುವೆ. ಕಾಗದ ಕೊಟ್ಟವರ ಮನೆಗೆ ಹೋಗದಿದ್ದರೆ ನಾಳೆ ನಮ್ಮ ಮನೆಗೆ ಯಾರೂ ಬರುವುದಿಲ್ಲ ಎಂಬ ಭಯ ಇಲ್ಲಿ ತೆರೆಗಳ ಭಯಕ್ಕಿಂತ ದೊಡ್ಡದು.

ಇಷ್ಟೆಲ್ಲ ಮುಗಿಯುವುದು ಪತ್ತನಾಜೆಯಂದು, ಅಂದರೆ ಮೇ 24ರ ಸುಮಾರಿಗೆ. ಅಂದು ಮೇಳಗಳು ಗೆಜ್ಜೆ ಬಿಚ್ಚುತ್ತವೆ, ದೈವಗಳ ಉತ್ಸವಗಳು ನಿಲ್ಲುತ್ತವೆ. ಧಾರ್ಮಿಕವಾಗಿ ಸಂಪೂರ್ಣ ಖಾಲಿಯಾದ ಹತ್ತು ದಿನಗಳು ಮುಂದಿವೆ. ಲೆಕ್ಕಾಚಾರದ ಪ್ರಕಾರ ಸಿದ್ಧಕಟ್ಟೆಯ ಕುಟುಂಬ ಸಮುದ್ರಕ್ಕೆ ಹೋಗಬೇಕಾದದ್ದು ಇದೇ ಹತ್ತು ದಿನಗಳಲ್ಲಿ. ಆದರೆ ಅಷ್ಟರಲ್ಲಿ ಕಡಲು ಏರತೊಡಗಿರುತ್ತದೆ, ಶಾಲೆ ತೆರೆಯುವ ದಿನ ಬಂದಿರುತ್ತದೆ, ಕಟ್ಟಿಗೆ ಒಳಗಿಡಬೇಕು, ಮಾಡಿನ ಹಂಚು ನೋಡಿಸಬೇಕು.

ಬಿಡುವು ಸಿಕ್ಕಿತೆಂದೇ ಇಟ್ಟುಕೊಂಡರೂ ಅಡಿಕೆ ಬಿಡುವುದಿಲ್ಲ. ಈ ಜಿಲ್ಲೆಯದು ಚಾಲಿ ಅಡಿಕೆ. ಹಣ್ಣಡಿಕೆಯನ್ನು ಅಂಗಳದಲ್ಲಿ ಹರಡಿ ನಲವತ್ತು ನಲವತ್ತೈದು ದಿನ ಬಿಸಿಲು ಕಾಯಿಸಬೇಕು. ಡಿಸೆಂಬರಿನಿಂದ ಮಾರ್ಚಿನವರೆಗೆ ಆಕಾಶ ಶುಭ್ರವಾಗಿ, ಕಡಲು ಶಾಂತವಾಗಿ, ಗಾಳಿ ಹಿತವಾಗಿರುವಾಗ ಅಂಗಳವೂ ತುಂಬಿರುತ್ತದೆ. ಬೀಚಿಗೆ ಒಳ್ಳೆಯ ದಿನವೇ ಅಡಿಕೆಗೂ ಒಳ್ಳೆಯ ದಿನ. ಮೋಡ ಕಂಡರೆ ಟಾರ್ಪಾಲು ಎಳೆಯಲು ಎರಡು ಕೈ ಬೇಕು. ಖರ್ಚಿನ ಬಾಬ್ತೂ ಇದೇ ಅಂಗಳದಲ್ಲಿ ತೀರ್ಮಾನವಾಗುತ್ತದೆ. ವಾರಣಾಶಿ ಸುಬ್ರಾಯ ಭಟ್ಟರ ನೇತೃತ್ವದಲ್ಲಿ 1973ರಲ್ಲಿ ಹುಟ್ಟಿದ ಅಡಿಕೆ ಬೆಳೆಗಾರರ ಸಹಕಾರಿ ಕ್ಯಾಂಪ್ಕೊದಲ್ಲಿ ಆ ದಿನದ ಧಾರಣೆ ಏರಿದ್ದರೆ ಗೋಕರ್ಣ, ಮುರ್ಡೇಶ್ವರ ಎಂಬ ಹೆಸರುಗಳು ಊಟದ ಹೊತ್ತಿಗೆ ಕೇಳಿಬರುತ್ತವೆ. ಇಳಿದಿದ್ದರೆ ಮಾತು ಪಣಂಬೂರಿಗೆ ಬಂದು, ಇನ್ನೂ ಇಳಿದರೆ ಫಲ್ಗುಣಿಯ ಕಿಂಡಿ ಅಣೆಕಟ್ಟಿನ ಹತ್ತಿರ ನಿಲ್ಲುತ್ತದೆ. ಬೀಡಿ ಕಟ್ಟುವ ಮನೆಗಳಲ್ಲಿ ಮೊರದಲ್ಲಿರುವ ಎಲೆ ಮುಗಿದು, ಬೀಡಿ ಬ್ರಾಂಚಿಗೆ ಲೆಕ್ಕ ಕೊಟ್ಟ ಮರುದಿನವೇ ಪ್ರವಾಸದ ದಿನ. ಅಲ್ಲಿ ಕ್ಯಾಲೆಂಡರ್ ನೋಡುವ ಅಗತ್ಯವೇ ಇಲ್ಲ.

ಇನ್ನು ಪ್ರಧಾನ ಪ್ರಶ್ನೆ. ದಿನ, ದುಡ್ಡು, ನೆಂಟರು ಎಲ್ಲ ಕೂಡಿಬಂದ ಮೇಲೆ ಅಜ್ಜಿ ಒಳಗಿನಿಂದಲೇ ಕೇಳುತ್ತಾರೆ: “ಮನೆಗೆ ಯಾರು?”

ಇದಕ್ಕೆ ಉತ್ತರ ಇಲ್ಲದೆ ಎಷ್ಟು ಪ್ರವಾಸಗಳು ಬಿದ್ದುಹೋಗಿವೆಯೋ ಲೆಕ್ಕ ಇಟ್ಟವರಿಲ್ಲ. ಪೇಟೆಯ ಫ್ಲ್ಯಾಟಿನವರು ಬೀಗ ಹಾಕಿ ಹೊರಡುತ್ತಾರೆ. ತೋಟದ ಮನೆಗೆ ಬೀಗ ಹಾಕಿದರೆ ಸಾಲದು. ದನ ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಕರೆಯಬೇಕು, ಹಾಲು ಹೊತ್ತಿಗೆ ಸರಿಯಾಗಿ ಡೈರಿಗೆ ಮುಟ್ಟಬೇಕು. ಕೆಲವು ದನಗಳು ಅತ್ತಿಗೆಗೆ ಮಾತ್ರ ಹಾಲು ಕೊಡುತ್ತವೆ. ಅಣ್ಣ ಹೋದರೆ ಒದೆ ಕೊಡುತ್ತವೆ. ಕೋಳಿ ಗೂಡಿಗೆ ಸೇರಬೇಕು, ನಾಯಿಗೆ ಅನ್ನ ಹಾಕಬೇಕು, ಬೇಸಿಗೆಯಾದರೆ ಕರೆಂಟು ಬಂದ ಗಳಿಗೆಗೆ ಪಂಪು ಹಾಕಿ ಸ್ಪ್ರಿಂಕ್ಲರಿನ ವಾಲ್ವು ತಿರುಗಿಸಬೇಕು. ಮಂಗಗಳು ಮನೆಯಲ್ಲಿ ಜನ ಇಲ್ಲದ್ದನ್ನು ನೆರೆಯವರಿಗಿಂತ ಮೊದಲು ತಿಳಿದುಕೊಳ್ಳುತ್ತವೆ.

ಹೀಗಾಗಿ ಕೌಟುಂಬಿಕ ಪ್ರವಾಸ ಎಂದರೆ ಇಲ್ಲಿ ಕುಟುಂಬದಲ್ಲಿ ಒಬ್ಬರು ಕಡಿಮೆ ಎಂದೇ ಅರ್ಥ. ಉಳಿಯುವವರನ್ನು ಆರಿಸುವ ವಿಧಾನ ಕುತೂಹಲಕಾರಿ. ಯಾರನ್ನೂ ಉಳಿಯಿರಿ ಎಂದು ಹೇಳುವುದಿಲ್ಲ. ಎಲ್ಲರೂ ಸುಮ್ಮನಿರುತ್ತಾರೆ. ಕೊನೆಗೆ ಅತ್ತೆ, “ನೀವೆಲ್ಲ ಹೋಗಿ ಬನ್ನಿ, ನನಗೆ ಆ ಉಪ್ಪುನೀರು ಆಗುವುದಿಲ್ಲ” ಎನ್ನುತ್ತಾರೆ. ಸೊಸೆ, “ಛೆ, ಅತ್ತೆ, ನೀವು ಹೋಗಿ, ನಾನಿರುತ್ತೇನೆ” ಎನ್ನಬೇಕು. ಇದು ಮೂರು ಸುತ್ತು ನಡೆದು, ಕೊನೆಯಲ್ಲಿ ಯಾರ ಕಾಲಿಗೆ ನೋವಿದೆಯೋ ಅವರು ಉಳಿಯುತ್ತಾರೆ. ಆ ದಿನಕ್ಕೆಂದೇ ನೋವು ಬಂದದ್ದನ್ನು ಯಾರೂ ಪರೀಕ್ಷಿಸಬಾರದು.

ಸಂಜೆ ಹಾಲು ಕರೆಯುವ ಹೊತ್ತಿಗೆ ಮತ್ತು ಸೂರ್ಯ ಮುಳುಗುವ ಹೊತ್ತಿಗೆ ಇರುವ ಜಗಳ ಇನ್ನೊಂದು. ಈ ಕರಾವಳಿ ಪಶ್ಚಿಮಕ್ಕೆ ಮುಖ ಮಾಡಿದೆ. ಇಲ್ಲಿ ನೋಡಬೇಕಾದದ್ದು ಸೂರ್ಯಾಸ್ತ. ನವೆಂಬರಿನಲ್ಲಿ ಅದು ಆರು ಗಂಟೆಯ ಸುಮಾರಿಗೆ, ಮೇ ತಿಂಗಳಲ್ಲಿ ಏಳಕ್ಕೆ ಹತ್ತಿರ. ದನಕ್ಕೂ ದೇವರ ದೀಪಕ್ಕೂ ಅದೇ ಹೊತ್ತು. ಬಸ್ಸಿನಲ್ಲಿ ಹೋದವರಿಗೆ ಮೂಡುಬಿದಿರೆಯಿಂದಲೋ ಬಿ.ಸಿ. ರೋಡಿನಿಂದಲೋ ಹೊರಡುವ ಕೊನೆಯ ಬಸ್ಸಿನ ಚಿಂತೆ. ಸಿದ್ಧಕಟ್ಟೆಯ ಎಷ್ಟೋ ಜನ ಸೂರ್ಯ ಸಮುದ್ರಕ್ಕೆ ಒಂದು ಮಾರು ದೂರವಿರುವಾಗ ನೋಡಿದ್ದಾರೆ. ಮುಳುಗಿದ್ದನ್ನು ನೋಡಿದವರು ಸ್ವಂತ ವಾಹನ ಇದ್ದವರು.

ಜಾಗದ ಆಯ್ಕೆ ಇದಕ್ಕೆ ಹೋಲಿಸಿದರೆ ಸುಲಭ. ರಾತ್ರಿ ಉಳಿಯುವ ಮಾತು ಹಟ್ಟಿಯಲ್ಲೇ ಬಿದ್ದುಹೋದ ಕಾರಣ, ಕೆಳದಿಯ ಶಿವಪ್ಪ ನಾಯಕನ ಬೇಕಲ ಕೋಟೆಯಿಂದ ಹೊನ್ನಾವರದ ಕಾಸರಕೋಡಿನವರೆಗಿನ ಪಟ್ಟಿಯನ್ನು ಎರಡೂ ತುದಿಗಳಲ್ಲಿ ಕತ್ತರಿಸಬೇಕು. ಮಲ್ಪೆಯಿಂದ ದೋಣಿಯಲ್ಲಿ ಸೇಂಟ್ ಮೇರಿಸ್ ದ್ವೀಪಕ್ಕೆ ಹೋಗಿ, ಮಡಗಾಸ್ಕರ್ ಭಾರತದಿಂದ ಬೇರ್ಪಡುತ್ತಿದ್ದ ಕಾಲದ, ಸುಮಾರು 8.8 ಕೋಟಿ ವರ್ಷ ಹಿಂದಿನ ಕಲ್ಲುಕಂಬಗಳನ್ನು ನೋಡಬೇಕೆಂದು ಕಾಲೇಜಿಗೆ ಹೋಗುವ ಮಗಳು ವಾದಿಸುತ್ತಾಳೆ. ಕಂಬ ನೋಡುವುದಾದರೆ ಮೂಡುಬಿದಿರೆಯಲ್ಲಿ 1430ರ ಸಾವಿರ ಕಂಬದ ಬಸದಿ ಇದೆ, ದೋಣಿಯ ದುಡ್ಡು ಉಳಿಯುತ್ತದೆ ಎಂದು ತಂದೆ. 1901ರ ಕಾಪು ದೀಪಸ್ತಂಭಕ್ಕೆ ಮೆಟ್ಟಿಲು ಹತ್ತಬೇಕು. ಕಾಲುನೋವಿನವರು ಮನೆಯಲ್ಲಿ ಉಳಿದಿದ್ದರೂ ಇನ್ನೊಬ್ಬರಿಗೆ ಕೂಡಲೇ ನೋವು ಶುರುವಾಗುತ್ತದೆ. ಪಡುಬಿದ್ರಿಯ ಕಡಲತೀರಕ್ಕೆ 2020ರಲ್ಲಿ ಬ್ಲೂ ಫ್ಲ್ಯಾಗ್ ಮಾನ್ಯತೆ ಸಿಕ್ಕಿದೆ, ತುಂಬ ಚೊಕ್ಕ. ಚೊಕ್ಕ ಜಾಗದಲ್ಲಿ ಬುತ್ತಿ ಬಿಚ್ಚಲು ಬಿಡುತ್ತಾರೋ ಇಲ್ಲವೋ ಎಂಬ ಅಳುಕಿಗೆ ಅದೂ ಬಿಟ್ಟುಹೋಗುತ್ತದೆ. ಪಣಂಬೂರಿನಲ್ಲಿ ಬಂದರಿನ ಹಡಗು ಕಾಣುತ್ತದೆ, ಒಂಟೆಯೂ ಇರುತ್ತದೆ, ಭಾನುವಾರ ಮರಳಿಗಿಂತ ಜನ ಹೆಚ್ಚು. ಸುಲ್ತಾನ್ ಬತ್ತೇರಿಯಿಂದ ದೋಣಿಯಲ್ಲಿ ದಾಟುವ ತಣ್ಣೀರುಬಾವಿ ಅದಕ್ಕಿಂತ ವಾಸಿ, ಮಕ್ಕಳಿಗೆ ದೋಣಿಯ ಆಸೆಯೂ ತೀರುತ್ತದೆ.

ಆದರೂ ಹೆಚ್ಚಿನ ಮನೆಗಳಲ್ಲಿ ಗೆಲ್ಲುವುದು ಕಟೀಲಿನ ದಾರಿ. ಮೂಡುಬಿದಿರೆ, ಕಿನ್ನಿಗೋಳಿಗಳ ಮೇಲಿಂದ ಹೋದರೆ ಮಧ್ಯಾಹ್ನ ಕಟೀಲಿನಲ್ಲಿ ದುರ್ಗಾಪರಮೇಶ್ವರಿಯ ದರ್ಶನ ಮತ್ತು ಊಟ, ಸಂಜೆ ನಂದಿನಿ ಶಾಂಭವಿಗಳು ಕಡಲು ಸೇರುವ ಸಸಿಹಿತ್ಲು. ಅಜ್ಜಿಗೆ ಇದು ತೀರ್ಥಯಾತ್ರೆ, ತಂದೆಗೆ ಊಟದ ಖರ್ಚು ಉಳಿತಾಯ, ಹುಡುಗರಿಗೆ 2016ರಲ್ಲಿ ಅಖಿಲ ಭಾರತ ಮಟ್ಟದ ಸರ್ಫಿಂಗ್ ಸ್ಪರ್ಧೆ ನಡೆದ ತೀರ. ಒಂದೇ ವಾಹನದಲ್ಲಿ ಮೂರು ಬೇರೆ ಬೇರೆ ಪ್ರವಾಸಗಳು ಹೋಗಿಬರುವುದರಿಂದ ಇದನ್ನೇ ಉತ್ತಮ ಯೋಜನೆ ಎನ್ನಬೇಕು.

ಸಾಮಾನಿನ ಪಟ್ಟಿ ಉದ್ದವಾಗುತ್ತ ಹೋಗುತ್ತದೆ. ಚಟ್ಟಂಬಡೆ, ಅವಲಕ್ಕಿ, ಫ್ಲಾಸ್ಕಿನಲ್ಲಿ ಚಹಾ, ಬೈರಾಸು, ಎಲ್ಲರಿಗೂ ಬದಲಿ ಬಟ್ಟೆ. ನೀರಿಗೆ ಇಳಿಯುವುದಿಲ್ಲ ಎಂದು ಶಪಥ ಮಾಡಿದವರಿಗೆ ಎರಡು ಜೊತೆ. ಬೊಂಡದ ಬಗ್ಗೆ ಮೊದಲೇ ತೀರ್ಮಾನಿಸಿಕೊಳ್ಳುವುದು ಒಳಿತು: ಮನೆಯಲ್ಲಿ ತೆಂಗಿನಮರ ಇರುವ ಯಜಮಾನ ಬೀಚಿನಲ್ಲಿ ದುಡ್ಡು ಕೊಟ್ಟು ಬೊಂಡ ಕುಡಿಯಲಾರ, ಬೇರೆಯವರು ಕುಡಿಯುವಾಗ ಬೆಲೆ ಕೇಳದೆಯೂ ಇರಲಾರ. ಚರ್ಮುರಿಗೆ ಈ ತೊಂದರೆ ಇಲ್ಲ. ಮರಳಿನ ಮೇಲೆ ಕಾಲಿಟ್ಟ ಕೂಡಲೇ “ಚೀಲಕ್ಕೆ ಯಾರು?” ಎಂಬ ಪ್ರಶ್ನೆ ಏಳುತ್ತದೆ, ಚಪ್ಪಲಿ, ಮೊಬೈಲು, ಕರಿಮಣಿ ಸರ ಕಾಯಲು ಒಬ್ಬರು ದಡದಲ್ಲಿ ಕೂರಬೇಕು. ಅವರನ್ನು ಹೊರಡುವ ಮೊದಲೇ ಗುರುತಿಸಿಟ್ಟರೆ ಅರ್ಧ ಗಂಟೆ ಉಳಿಯುತ್ತದೆ.

ಹೋಗುವವರು ಡಿಸೆಂಬರಿನಿಂದ ಫೆಬ್ರವರಿಯೊಳಗೆ, ಸಾಧ್ಯವಾದರೆ ವಾರದ ನಡುವಿನ ದಿನ ಹೋಗಿ. ನದಿ ಕಡಲು ಸೇರುವ ಅಳಿವೆಯ ಹತ್ತಿರ ಸೆಳೆತ ಜೋರು, ಅಲ್ಲಿ ನೀರಿಗೆ ಇಳಿಯಬೇಡಿ. ಜೀವರಕ್ಷಕರು ಸೀಟಿ ಊದಿದರೆ ಅದು ಪಕ್ಕದವರಿಗೆ ಎಂದುಕೊಳ್ಳಬೇಡಿ. ಮನೆಗೆ ನಿಂತವರಿಗೆ ಏನಾದರೂ ತರಲೇಬೇಕು. ಗಡ್‌ಬಡ್ ಐಸ್‌ಕ್ರೀಮ್ ಸಿದ್ಧಕಟ್ಟೆ ಮುಟ್ಟುವಷ್ಟರಲ್ಲಿ ಕರಗುತ್ತದೆ, ಬಾಳೆಹಣ್ಣಿನ ಹಲ್ವ ಕರಗುವುದಿಲ್ಲ.