ಸೇತುವೆಗೆ ತಗುಲಿದ ಸೋಂಕು

ಕೇಂದ್ರ ಹಣಕಾಸು ಸಚಿವಾಲಯವು 2020ರ ಫೆಬ್ರವರಿ 19ರಂದು ಕೊರೊನಾ ಹಾವಳಿಯನ್ನು ನೈಸರ್ಗಿಕ ವಿಕೋಪವೆಂದು ಪರಿಗಣಿಸಬೇಕೆಂದು ತಿಳಿಸಿದ ಮೇಲೆ, ಮಾರ್ಚ್ 25ರಿಂದ ಕಾಮಗಾರಿಗಳಿಗೂ ಬೀಗ ಬಿದ್ದಾಗ, ಮನುಷ್ಯಶಕ್ತಿ ಮೀರಿದ ವಿಘ್ನ ಬಂದರೆ ಹೊಣೆಯಿಂದ ಬಿಡುಗಡೆ ನೀಡುವ ‘ಫೋರ್ಸ್ ಮಜ್ಯೂರ್’ ಎಂಬ ಷರತ್ತು, ಅದುವರೆಗೆ ಯಾರೂ ತೆರೆಯದ ಪುಟದಿಂದ ಎದ್ದು ಬಂದು ಗುತ್ತಿಗೆದಾರರ ನಿತ್ಯಪಾರಾಯಣವಾಯಿತು.

“ಸಾರ್, ನಮ್ಮ ಸೇತುವೆಗೂ ಆರು ತಿಂಗಳ ಕಾಲಾವಕಾಶ ಕೊಡಿಸಬೇಕು,” ಎಂದು ಅಂಥ ಒಬ್ಬ ಗುತ್ತಿಗೆದಾರರು ಕಾರ್ಯಪಾಲಕ ಎಂಜಿನಿಯರರ ಮುಂದೆ ಅರ್ಜಿಯಿಟ್ಟರು.

“ಅದರ ಗಡುವು 2018ರಲ್ಲೇ ಮುಗಿದಿತ್ತಲ್ಲವೇ? ಫೆಬ್ರವರಿ 19ರ ಹೊತ್ತಿಗೇ ಕರಾರು ತಪ್ಪಿದ್ದವರಿಗೆ ಈ ರಿಯಾಯಿತಿ ಸಲ್ಲದೆಂದು ಹಣಕಾಸು ಸಚಿವಾಲಯದ ಮೇ 13ರ ಆದೇಶವೇ ಹೇಳುತ್ತದೆ.”

“ಲಕ್ಷಣ ಕಾಣುವ ಮೊದಲೇ ಸೋಂಕು ಇರುತ್ತದೆಂದು ವೈದ್ಯರು ಹೇಳುತ್ತಾರೆ ಸಾರ್, ನಮ್ಮ ಸೇತುವೆಗೆ ಎರಡು ವರ್ಷ ಮುಂಚೆಯೇ ತಗುಲಿತ್ತು.”

“ಕೆಲಸದಾಳುಗಳು ಎಲ್ಲಿದ್ದಾರೆ?”

“ಊರಿಗೆ ಹೋಗುತ್ತೇವೆಂದು ಕುಳಿತಿದ್ದಾರೆ, ಸಾರ್.”

ಈ ಕುಳಿತವರ ಪಾಡಂತೂ ಬೇರೆಯೇ: ಬಿಲ್ಡರುಗಳೊಡನೆ ಮಾತುಕತೆಯಾದ ಬೆನ್ನಿಗೇ, ವಲಸೆ ಕಾರ್ಮಿಕರ ರೈಲುಗಳು ಬೇಡವೆಂದು ರಾಜ್ಯ ಸರ್ಕಾರವು ಮೇ 5ರಂದು ರೈಲ್ವೆಗೆ ಬರೆದು, ಟೀಕೆ ಎದ್ದ ಮೇಲೆ ಕೆಲವೇ ದಿನಗಳಲ್ಲಿ ನಿಲುವು ಬದಲಿಸಿತು, ವಿಘ್ನವೊಂದೇ ಆದರೂ ಬಿಡುಗಡೆ ಮಾತ್ರ ಅಂತಸ್ತು ನೋಡಿ ಬಂದಿತು.

“ಅವರ ಕರಾರಿನಲ್ಲೂ ಈ ಷರತ್ತು ಇದೆಯೇ?” ಎಂದು ಎಂಜಿನಿಯರರು ಕೇಳಿದರು.

“ಅವರಿಗೆ ಕರಾರೇ ಇಲ್ಲವಲ್ಲ ಸಾರ್, ಷರತ್ತು ಎಲ್ಲಿಂದ ಬರಬೇಕು?”