ಊಟದ ಮೇಜಿನ ಮಿರಾಜ್

ನಮ್ಮ ಮುರುಗೇಶಪಾಳ್ಯದಲ್ಲಿ ಫೋನಿನಲ್ಲಿ ಮಾತಾಡುವವರು ನಡುನಡುವೆ ‘ಒಂದ್ನಿಮಿಷ ಇರಿ, ವಿಮಾನ’ ಎಂದು ಬಾಯಿ ಮುಚ್ಚುತ್ತಾರೆ. 2008ರ ಮೇನಲ್ಲಿ ಪ್ರಯಾಣಿಕರ ವಿಮಾನಗಳು ದೇವನಹಳ್ಳಿಗೆ ಗಂಟುಮೂಟೆ ಕಟ್ಟಿದ ಮೇಲೆ ಎಚ್‌ಎಎಲ್ ರನ್‌ವೇ ಮೇಲಿನ ಆಕಾಶ ಹೆಚ್ಚುಕಡಿಮೆ ಪರೀಕ್ಷಾ ಪೈಲಟ್‌ಗಳದ್ದೇ ಆಗಿದೆ. ಸದ್ದು ಕೇಳಿದೊಡನೆ ಮನೆಗೆ ಬಂದ ನೆಂಟರು ಕಿವಿ ಮುಚ್ಚಿಕೊಳ್ಳುತ್ತಾರೆ. ನಾನು ಕೈಯಲ್ಲಿದ್ದ ತುತ್ತನ್ನು ತಟ್ಟೆಗೆ ಹಾಕಿ ತಾರಸಿಗೆ ಓಡುತ್ತೇನೆ.

ಸದ್ದು ಬಂದ ಕಡೆ ನೋಡುವವನು ಹೊಸಬ. ಅಷ್ಟರಲ್ಲಿ ವಿಮಾನ ಮುಂದೆ ಸಾಗಿರುತ್ತದೆ, ಅಲ್ಲಿ ಬರೀ ಆಕಾಶ. ಸದ್ದಿಗಿಂತ ಮುಂದಕ್ಕೆ ಕಣ್ಣು ಹಾಯಿಸಬೇಕು. ತೇಜಸ್ಸಿಗೂ ಮಿರಾಜ್ 2000ಕ್ಕೂ ಹಿಂದೆ ಅಡ್ಡ ಬಾಲವಿಲ್ಲ, ಎರಡೂ ತ್ರಿಕೋನ ರೆಕ್ಕೆಯವು. ಆದರೆ ಮಿರಾಜಿನ ರೆಕ್ಕೆಯಂಚು ನೆಟ್ಟಗೆ ಓಡುತ್ತದೆ, ತೇಜಸ್ಸಿನದು ಮೈಯ ಹತ್ತಿರ ಬಂದಾಗ ಮುರಿದು ತಿರುಗುತ್ತದೆ. ಈ ವ್ಯತ್ಯಾಸ ಕಂಡ ದಿನ ನನಗೆ ಆಫೀಸಿನಲ್ಲಿ ಯಾರು ಬೈದರೂ ತಾಗುವುದಿಲ್ಲ.

ಪಕ್ಕದ ತಾರಸಿಯ ಮೇಷ್ಟ್ರು ಒಮ್ಮೆ ಕೇಳಿದರು, “ಏನ್ ಸಾರ್, ಮೋಡ ನೋಡ್ತಿದ್ದೀರಾ? ಮಳೆ ಬರೋ ಹಾಗಿದ್ಯಾ?”

“ಇಲ್ಲ ಸಾರ್, ಜಾಗ್ವಾರ್.”

“ಓ, ಈ ಸಲದ ಸೈಕ್ಲೋನಿಗೆ ಆ ಹೆಸರಿಟ್ಟಿದ್ದಾರಾ?” ಎಂದು ಬಟ್ಟೆಗಳನ್ನೆಲ್ಲ ಬಾಚಿಕೊಂಡು ಕೆಳಗಿಳಿದರು.

ಯಲಹಂಕದವರ ಪಾಡು ಬೇರೆ. 2023ರ ಏರೋ ಇಂಡಿಯಾ ವಿಮಾನ ಪ್ರದರ್ಶನದ ಹೊತ್ತಿಗೆ ಅಲ್ಲಿನ ವಾಯುನೆಲೆಯ ಸುತ್ತ 10 ಕಿ.ಮೀ. ಮಾಂಸ ಮಾರುವಂತಿರಲಿಲ್ಲ. ಎಸೆದ ತ್ಯಾಜ್ಯಕ್ಕೆ ಹದ್ದುಗಳು ಬರುತ್ತವೆ, ಹದ್ದು ಎಂಜಿನ್ನಿಗೆ ಸಿಕ್ಕರೆ ಅನಾಹುತ. ದೇಶರಕ್ಷಣೆಗೆ ಬಿರಿಯಾನಿಯನ್ನೇ ತ್ಯಾಗ ಮಾಡಿದವರು ಅವರು, ನಾವು ಬರೀ ನಿದ್ದೆ ಬಿಟ್ಟವರು.

ನೋಡಿ ತಣಿಯದ ಆಸೆ ಕೊನೆಗೆ ಊಟದ ಮೇಜಿಗೆ ಬಂತು. ಒಂದು ಕಡೆ ಜಾಯ್‌ಸ್ಟಿಕ್, ಇನ್ನೊಂದು ಕಡೆ ಥ್ರಾಟಲ್, ನಡುವೆ ಉಪ್ಪಿನಕಾಯಿ ಜಾಡಿ. ಕಂಪ್ಯೂಟರಿನಲ್ಲಿ ಡಿಸಿಎಸ್ ಎಂಬ ಸಿಮ್ಯುಲೇಟರ್. ಇದನ್ನು ಗೇಮ್ ಅಂದರೆ ನಮ್ಮ ಕುಲದವರಿಗೆ ಕೋಪ ಬರುತ್ತದೆ. ಗೇಮಿನಲ್ಲಿ ವಿಮಾನ ಗುಂಡಿ ಒತ್ತಿದರೆ ಹಾರುತ್ತದೆ. ಇಲ್ಲಿ ನಾನು ಕೂರುವುದು ಮಿರಾಜಿನೊಳಗೆ, ಫ್ರೆಂಚಿನಲ್ಲಿ ಬರೆದ ಸ್ವಿಚ್ಚುಗಳ ನಡುವೆ. ಬ್ಯಾಟರಿ, ಇಂಧನದ ಪಂಪುಗಳು, ಕೆಂಪು ಮುಚ್ಚಳ ಎತ್ತಿ ಸ್ಟಾರ್ಟರ್, ಎಲ್ಲವೂ ಕ್ರಮಪ್ರಕಾರ. ಆಮೇಲೆ ದಿಕ್ಕು ತೋರುವ ಯಂತ್ರಕ್ಕೆ ನಾವು ನಿಂತ ಜಾಗದ ಅಕ್ಷಾಂಶ ರೇಖಾಂಶ ಒಪ್ಪಿಸಿ, ಅದು ಭೂಮಿ ತಿರುಗುವುದನ್ನು ಅಳೆದು ಉತ್ತರ ಯಾವುದೆಂದು ಕಂಡುಕೊಳ್ಳುವವರೆಗೆ ಏಳೆಂಟು ನಿಮಿಷ ಅಲುಗಾಡದೆ ಕಾಯಬೇಕು. ಪುರೋಹಿತರು ಜಂಬೂದ್ವೀಪದಿಂದ ಹಿಡಿದು ನಮ್ಮ ಓಣಿಯವರೆಗೆ ವಿಳಾಸ ಹೇಳಿ ಮುಗಿಸದೆ ಪೂಜೆ ಶುರು ಮಾಡುವುದಿಲ್ಲವಲ್ಲ, ಹಾಗೆಯೇ ಮಿರಾಜಿಗೂ ಸಂಕಲ್ಪ ಬೇಕು.

ಅತ್ತಿತ್ತ ಓಡಾಡುತ್ತಿದ್ದ ಅಮ್ಮ ನಿಂತು ನೋಡಿದಳು. “ಆವಾಗಿಂದ ಅಲ್ಲೇ ನಿಂತಿದೆಯಲ್ಲೋ. ಕೆಟ್ಟಿದೆಯಾ?”

ಕೊನೆಗೂ ಹಾರಿದೆ. ಜಾರ್ಜಿಯಾದ ಬಟುಮಿ, ಕೆಳಗೆ ಕಪ್ಪು ಸಮುದ್ರ, ಮನಸ್ಸು ಪ್ರಫುಲ್ಲ. ಎಲ್ಲೋ ಬೀಪ್ ಬೀಪ್ ಎಂದಿತು. ಯಾರೋ ನನ್ನ ಮೇಲೆ ರೇಡಾರ್ ಹಿಡಿದಿದ್ದಾರೆ! ಜಾಯ್‌ಸ್ಟಿಕ್ ಎಳೆದು ಗಿರ್ರನೆ ತಿರುಗಿದೆ. 9 ಜಿ ತಿರುವಿನಲ್ಲಿ 70 ಕೆ.ಜಿ.ಯ ನಿಜವಾದ ಪೈಲಟ್ 630 ಕೆ.ಜಿ. ತೂಗುತ್ತಾನೆ, ರಕ್ತ ತಲೆ ಬಿಟ್ಟು ಕಾಲಿಗಿಳಿಯುತ್ತದೆ. ನನಗೆ ಪರದೆ ಮಬ್ಬಾಯಿತು, ಕಾಫಿ ಲೋಟ ಕದಲಲಿಲ್ಲ. ಮಬ್ಬು ತಿಳಿಯಾಗುವ ಮುಂಚೆಯೇ ಕ್ಷಿಪಣಿ ಬಂದು ಬಡಿಯಿತು. ಹೊಡೆದವನ ಮುಖ ಹೋಗಲಿ, ಅವನ ವಿಮಾನವೂ ಕಾಣಲಿಲ್ಲ. ಈಗಿನ ಯುದ್ಧವೇ ಹಾಗಂತೆ. ಸಿನಿಮಾದಲ್ಲಿ ಮಾತ್ರ ಪೈಲಟ್‌ಗಳು ಪರಸ್ಪರ ಕಣ್ಣಲ್ಲಿ ಕಣ್ಣಿಟ್ಟು ಹಲ್ಲು ಕಡಿಯುತ್ತಾರೆ.

ಹಾಗಾಗಿ ಈಗ ಶತ್ರುಗಳ ಸಹವಾಸ ಬಿಟ್ಟು ಗಾಳಿಯಲ್ಲೇ ಇಂಧನ ತುಂಬಿಸಿಕೊಳ್ಳುವುದನ್ನು ಕಲಿಯುತ್ತಿದ್ದೇನೆ. ಇದು ಯುದ್ಧಕ್ಕಿಂತ ಕಷ್ಟ. ಟ್ಯಾಂಕರ್ ವಿಮಾನದ ಹಿಂದೆ ಉದ್ದನೆಯ ಪೈಪು, ಪೈಪಿನ ತುದಿಯಲ್ಲಿ ಬುಟ್ಟಿ. ನನ್ನ ಮಿರಾಜಿನ ಮೂಗಿನ ಹತ್ತಿರದ ಕೊಳವೆಯನ್ನು ಅದರೊಳಗೆ ತೂರಿಸಬೇಕು. ಬುಟ್ಟಿಯನ್ನೇ ದಿಟ್ಟಿಸಿದರೆ ಕೈ ತೂಗಾಡುತ್ತದೆ, ಟ್ಯಾಂಕರನ್ನು ನೋಡಿಕೊಂಡೇ ಹಾರಬೇಕು. ನಿನ್ನೆ ರಾತ್ರಿ ಇನ್ನೇನು ಗೇಣು ದೂರ.

“ರೀ, ಗ್ಯಾಸ್ ಮುಗೀತು. ಹೊಸ ಸಿಲಿಂಡರ್ ಕೂಡಿಸಿ ಬನ್ನಿ.”

“ಬಂದೆ, ಇಲ್ಲಿ ಕೂಡ್ತಾ ಇದೆ.”

“ಅದು ಉಗಾದಿಯಿಂದ ಕೂಡ್ತಾನೇ ಇದೆ.”

ಬುಟ್ಟಿ ಎಡಕ್ಕೆ ಸರಿಯಿತು. ನಾನೂ ಸರಿದೆ. ಅದು ಬಲಕ್ಕೆ ಹೋಯಿತು. ಅಡುಗೆಮನೆಯಿಂದ ಟಕ್ ಎಂಬ ಸದ್ದು ಕೇಳಿಸಿತು. ಕನ್ನಡಕ ಹಾಕಿಕೊಳ್ಳದೆಯೇ ಅಮ್ಮ ಒಂದೇ ಏಟಿಗೆ ರೆಗ್ಯುಲೇಟರ್ ಕೂಡಿಸಿದ್ದಳು.